ನಕ್ಷೆ ಯಾರ ಕೈಯಲ್ಲಿದೆ?

(ಬೀದರ ನಗರದ ಕಾರ್ಯಕರ್ತರ ಅಭ್ಯಾಸವರ್ಗದಲ್ಲಿ ಮಾಡಿದ ಭಾಷಣ)



ಶಾಲೆಯ ಗೋಡೆಯ ಮೇಲಿನ ನಕ್ಷೆಯನ್ನು ನಾವು ಹಣೆಬರಹದಂತೆ ನೋಡುತ್ತ ಬೆಳೆದವರು. ಅದನ್ನು ಬರೆದವನು ಮನುಷ್ಯ, ಬರೆಯಿಸಿದವನು ಅಧಿಕಾರವುಳ್ಳವನು ಎಂಬುದನ್ನು ಮರೆಯತಕ್ಕದ್ದಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಆ ಯುದ್ಧದಲ್ಲಿದ್ದ ಕಂಪನಿಯ ಸೇನಾಧಿಕಾರಿ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಬಳಿ ನೆಲ ಅಳೆಯತೊಡಗಿದನು. ಆ ಅಳತೆ ಉತ್ತರಕ್ಕೆ ಸರಿದು ನಿಜಾಮನ ಸೀಮೆಯನ್ನು ಹೊಕ್ಕಿತು. 1841ರಲ್ಲಿ ನಮ್ಮ ಬೀದರದ ಬಳಿಯೇ ಒಂದು ಆಧಾರರೇಖೆಯನ್ನು ಅಳೆದರು. ಭೂಮಿಯ ಆಕಾರವನ್ನರಿಯುವ ವಿಜ್ಞಾನ ಅದರಲ್ಲಿತ್ತು, ನಿಜ. ದಂಡು ನಡೆಸುವ ದಾರಿಯೂ ಕಂದಾಯದ ಲೆಕ್ಕವೂ ಅದರಿಂದಲೇ ಸುಲಭವಾದವು.

ನಿಜಾಮನ ರಾಜ್ಯದೊಳಗೂ ನೆಲ ಹರಿದು ಹಂಚಿತ್ತು. ದಿವಾನಿ ಬೇರೆ, ದೊರೆಯ ಸ್ವಂತದ ಸರ್ಫೆಖಾಸ್ ಬೇರೆ, ಪಾಯಗಾ ಬೇರೆ, ಜಾಗೀರು ಬೇರೆ. ಯಾವ ಗೆರೆಯೊಳಗೆ ಹುಟ್ಟಿದನೋ ಅದರಂತೆ ರೈತನಿಗೆ ಧಣಿ. ಜಾಗೀರುಗಳು ರದ್ದಾದದ್ದು 1949ರಲ್ಲಿ.

1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರಿಗೆ. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ. ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೆ. ಭಾಷಾವಾರು ಪ್ರಾಂತವನ್ನು ಜನರೇ ಕೇಳಿದ್ದರು. ಅದು ನ್ಯಾಯವಾದ ಬೇಡಿಕೆ. ಆದರೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು ಆಡಿದ ಔರಾದದ ಒಕ್ಕಲಿಗನ ನಾಲಗೆಯ ಮೇಲೆ ಗೆರೆ ಎಳೆಯುವುದೆಲ್ಲಿ? 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಿತು. 2004ರಲ್ಲಿ ಮಹಾರಾಷ್ಟ್ರವು ಸುಪ್ರೀಂ ಕೋರ್ಟಿಗೆ ಹೋಯಿತು. ನಾಯಕರು ಗಡಿಗಾಗಿ ಗುದ್ದಾಡಿದರು. ಗಡಿಯ ಎರಡೂ ಕಡೆಯ ಕೂಲಿಕಾರನ ಹೊಟ್ಟೆಯನ್ನು ಯಾವ ನಕ್ಷೆಯೂ ತೋರಿಸಲಿಲ್ಲ.

ಈಗ ಅಳತೆ ನಮ್ಮ ಓಣಿಗೇ ಬಂದಿದೆ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಊರೊಳಗಿನ ಮನೆಜಾಗಗಳ ನಕ್ಷೆ ತೆಗೆಯುತ್ತಾರೆ. ಕಾಗದವಿಲ್ಲದ ಬಡವನಿಗೆ ಹಕ್ಕಿನ ಪತ್ರ ಸಿಕ್ಕರೆ ನಾವು ಸ್ವಾಗತಿಸುತ್ತೇವೆ. ಆದರೆ ಡ್ರೋನಿಗೆ ಮಾಳಿಗೆ ಕಾಣುತ್ತದೆ, ಹಕ್ಕು ಕಾಣುವುದಿಲ್ಲ. ನೆಲದ ಮೇಲೆ ನಿಂತು ಗಡಿ ತೋರಿಸುವವರು ಬೇಕು. ಗೌಡನ ವಾಡೆಯ ಗಡಿ ತೋರಿಸಲು ಹತ್ತು ಜನ ಬರುತ್ತಾರೆ. ಆ ದಿನ ಕಬ್ಬು ಕಡಿಯಲು ಹೋದವನ ಗುಡಿಸಲಿನ ಗಡಿ ತೋರಿಸುವವರಾರು? ಊರ ಹೊರಗಿನ ಕೇರಿಯ ಬಾವಿ, ಸುಡುಗಾಡು, ದನದ ದಾರಿ ಯಾರ ಹೆಸರಿಗೆ ಬೀಳುತ್ತವೆ?

ಆದುದರಿಂದ ಅಳತೆಯ ದಿನವನ್ನು ಮುಂಚಿತವಾಗಿ ಡಂಗುರ ಸಾರಬೇಕೆಂದು ಕೇಳಿರಿ. ಕರಡು ನಕ್ಷೆಯನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿಯೂ, ಬೇಕಾದಲ್ಲಿ ಮರಾಠಿಯಲ್ಲಿಯೂ ಓದಿಸಿರಿ. ತಪ್ಪಿದ್ದರೆ ತಕರಾರನ್ನು ಬರಹದಲ್ಲಿ ಕೊಟ್ಟು ಪೋಚು ಪಡೆಯಿರಿ. ಅಕ್ಷರ ಬಾರದವರ ತಕರಾರನ್ನು ಬರೆದುಕೊಡುವ ಕೆಲಸ ನಮ್ಮದು. ಇಂದಿನಿಂದಲೇ ಅದನ್ನು ಹಿಡಿಯೋಣ.