ಪರದೇಶದ ಅಡಿಗೆ, ನಮ್ಮ ಹಿತ್ತಲ ತರಕಾರಿ



"ಮಕ್ಕಳು ಮುದ್ದೆ, ಸಾರು ಮುಟ್ಟುವುದಿಲ್ಲ ಡಾಕ್ಟರೇ, ಪೊಟ್ಟಣದ ನೂಡಲ್ಸನ್ನೇ ಕೇಳುತ್ತಾರೆ" ಎಂದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ತಾಯಂದಿರು ಹೇಳುವುದುಂಟು. ಅಂತಹ ಮಗುವಿನ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದರೆ ಅನೇಕ ವೇಳೆ ಅದು ಬಿಳಿಚಿಕೊಂಡಿರುತ್ತದೆ. ಇದು ರಕ್ತಹೀನತೆಯ ಲಕ್ಷಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ರಾಜ್ಯದ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡಾ 47.8ರಷ್ಟು, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5ರಷ್ಟು ಮಂದಿಗೆ ರಕ್ತಹೀನತೆಯಿತ್ತು.

ಹಾಗೆಂದು ಪರದೇಶದ ಅಡಿಗೆಯನ್ನೇ ದೂಷಿಸುವುದು ಸರಿಯಲ್ಲ. ನಾವು ದಿನವೂ ಬಳಸುವ ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆಗಳು ಅಮೆರಿಕ ಖಂಡದಿಂದ ಬಂದವು. ಪರಂಗಿ ಹಣ್ಣು ಹೊರಗಿನದೆಂದು ಅದರ ಹೆಸರೇ ಸಾರುತ್ತದೆ. ದೋಷವಿರುವುದು ಪೊಟ್ಟಣದಲ್ಲಿ. ಅದರಲ್ಲಿ ಸಾಮಾನ್ಯವಾಗಿ ಮೈದಾ, ಎಣ್ಣೆ ಮತ್ತು ಉಪ್ಪು ಹೆಚ್ಚು. ಕಾಳು, ತರಕಾರಿ ಅತ್ಯಲ್ಪ. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿಗೆ ಇನ್ನೂ ಕಡಿಮೆ ಸಾಕು.

ಇಟಲಿ ದೇಶದ ಗೃಹಿಣಿಯರು 'ಮಿನೆಸ್ಟ್ರೋನೆ' ಎಂಬ ಸೂಪನ್ನು ಮಾಡುತ್ತಾರೆ. ಅದಕ್ಕೆ ಇಂತಹುದೇ ತರಕಾರಿ ಬೇಕೆಂಬ ನಿಯಮವಿಲ್ಲ. ಆಯಾ ಋತುವಿನಲ್ಲಿ ದೊರೆತ ತರಕಾರಿ, ಒಂದಿಷ್ಟು ಕಾಳು, ಒಂದು ಹಿಡಿ ಪಾಸ್ತಾ ಅಥವಾ ಅಕ್ಕಿ ಸೇರಿದರೆ ಆಯಿತು. ಮೆಕ್ಸಿಕೋದಲ್ಲಿ ಮುಸುಕಿನ ಜೋಳದ ರೊಟ್ಟಿಯೊಡನೆ ಕಾಳನ್ನು ತಿನ್ನುತ್ತಾರೆ. ಇದು ನಮ್ಮ ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಕಾಳುಪಲ್ಯದ ಸೋದರಿಯೇ ಸರಿ. ಅವರು ತಮ್ಮ ಹೊಲದ ಬೆಳೆಯನ್ನು ಬೇಯಿಸಿದಂತೆ ನಾವೂ ನಮ್ಮ ಹೊಲದ ಬೆಳೆಯನ್ನು ಬೇಯಿಸಿದರೆ, ಅದೇ ಆ ಅಡಿಗೆಗೆ ನಿಜವಾದ ಗೌರವ.

ಮಾಡುವ ಕ್ರಮ ಸುಲಭ. ನಾಲ್ವರಿಗೆ ಒಂದು ಬಟ್ಟಲು ಹಸಿ ಅವರೆಕಾಳನ್ನು ಮೆತ್ತಗೆ ಬೇಯಿಸಿರಿ. ಎರಡು ಚಮಚ ಕಡಲೆಕಾಯಿ ಎಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಎರಡು ಟೊಮ್ಯಾಟೊಗಳನ್ನು ಬಾಡಿಸಿ, ಹೆಚ್ಚಿದ ಗಜ್ಜರಿ, ಹುರುಳಿಕಾಯಿ, ಬೆಂದ ಕಾಳು ಮತ್ತು ನೀರನ್ನು ಸೇರಿಸಿರಿ. ತರಕಾರಿ ಬೆಂದ ಮೇಲೆ ಒಂದು ಹಿಡಿ ರಾಗಿ ಶಾವಿಗೆ, ಒಂದು ಹಿಡಿ ನುಗ್ಗೆಸೊಪ್ಪನ್ನು ಹಾಕಿ ಐದು ನಿಮಿಷ ಕುದಿಸಿರಿ. ಒಲೆಯಿಂದ ಇಳಿಸಿದ ನಂತರವೇ ನಿಂಬೆರಸ ಹಿಂಡಿರಿ. ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣಾಂಶವನ್ನು ದೇಹವು ಹೀರಿಕೊಳ್ಳಲು ನಿಂಬೆಯ 'ಸಿ' ಜೀವಸತ್ವವು ನೆರವಾಗುತ್ತದೆ; ಕುದಿಸಿದರೆ ಆ ಜೀವಸತ್ವವು ಒಂದಿಷ್ಟು ನಷ್ಟವಾಗುತ್ತದೆ. ಊಟದ ಜೊತೆಗೆ ಚಹಾ, ಕಾಫಿ ಕುಡಿಯಬೇಡಿರಿ.

ಅವರೆಯ ಕಾಲ ಮುಗಿದೊಡನೆ ಬೇಸಿಗೆಯಲ್ಲಿ ಸಿಹಿಗುಂಬಳ, ಅಲಸಂದೆ ಕಾಳು. ಮಳೆಗಾಲದಲ್ಲಿ ಹೀರೇಕಾಯಿ, ಹೆಸರುಕಾಳು ಬಳಸಬಹುದು. ಆಯಾ ಕಾಲದ ತರಕಾರಿ ತಾಜಾ ಆಗಿರುತ್ತದೆ, ಬೆಲೆಯೂ ಇಳಿದಿರುತ್ತದೆ. ನೂಡಲ್ಸನ್ನೇ ಬಯಸುವ ಮಗುವಿಗೆ ಗೋಧಿ ಶಾವಿಗೆಯನ್ನು ಬೇಯಿಸಿ, ಚೀನೀಯರಂತೆ ತರಕಾರಿಯನ್ನು ಸಣ್ಣಗೆ ಹೆಚ್ಚಿ, ದೊಡ್ಡ ಉರಿಯಲ್ಲಿ ಬೇಗನೆ ಹುರಿದು, ಬೇಯಿಸಿದ ಮೊಳಕೆಕಾಳು ಅಥವಾ ಮೊಟ್ಟೆ ಬೆರೆಸಿ ಕೊಡಿರಿ.

ಒಂದು ಎಚ್ಚರಿಕೆ. ರಕ್ತಹೀನತೆ ಇರುವವರಿಗೆ ಆಹಾರವೊಂದೇ ಸಾಲದು. ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆಗಳನ್ನು ಅವರು ಹೇಳಿದಷ್ಟು ದಿನ ತಪ್ಪದೆ ಸೇವಿಸಬೇಕು.

ಮುಂದಿನ ಸಂತೆಯಲ್ಲಿ ಕಾಳು, ಸೊಪ್ಪು, ನಿಂಬೆಹಣ್ಣುಗಳನ್ನು ಮೊದಲು ಕೊಳ್ಳಿರಿ. ಆ ದಿನ ಯಾವ ದೇಶದ ಅಡಿಗೆಯೆಂಬುದನ್ನು ಮಕ್ಕಳೇ ಹೇಳಲಿ.