ಟೀಕೆಗೆ ನಮ್ಮ ಉತ್ತರ ಹೇಗಿರಬೇಕು?

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿವರ್ಯರ(ಸ) ಮೇಲೆ ಅವನ ಕೃಪೆ ಮತ್ತು ಶಾಂತಿ ಇರಲಿ.

ಪ್ರಿಯ ಸಹೋದರರೇ, ನಮ್ಮ ಧರ್ಮದ ಬಗ್ಗೆ ಯಾರಾದರೂ ಕಟುವಾಗಿ ಮಾತನಾಡಿದರೆ ನಾವೇನು ಮಾಡುತ್ತೇವೆ? ಸಿಟ್ಟಾಗುತ್ತೇವೆ, ಆ ವಿಡಿಯೋವನ್ನು ಹತ್ತು ಜನರಿಗೆ ಕಳಿಸುತ್ತೇವೆ, ಎರಡು ದಿನಕ್ಕೆ ಮರೆತುಬಿಡುತ್ತೇವೆ.

ಎರ್ನೆಸ್ಟ್ ರೆನಾನ್ (1823–1892) ಫ್ರಾನ್ಸಿನ ದೊಡ್ಡ ವಿದ್ವಾಂಸ. ಪಾದ್ರಿಯಾಗಲು ಓದುತ್ತಿದ್ದವರು ಅದನ್ನು ಬಿಟ್ಟು ಧರ್ಮಗಳ ಇತಿಹಾಸದ ಅಧ್ಯಯನಕ್ಕೆ ತಿರುಗಿದರು. 1883ರ ಮಾರ್ಚ್ 29ರಂದು ಪ್ಯಾರಿಸ್ಸಿನ ಸೋರ್ಬೋನ್‌ನಲ್ಲಿ ಉಪನ್ಯಾಸ ನೀಡಿ, ಇಸ್ಲಾಮ್ ವಿಜ್ಞಾನಕ್ಕೆ ಅಡ್ಡಿ ಎಂದರು. ಅರಬರನ್ನೂ ಹೀಗಳೆದರು.

ಆಗ ಜಮಾಲುದ್ದೀನ್ ಅಫ್ಘಾನಿಯವರು ಪ್ಯಾರಿಸ್ಸಿನಲ್ಲಿದ್ದರು. ಅವರು ಬೈಯಲಿಲ್ಲ. ಉಪನ್ಯಾಸ ಅಚ್ಚಾಗಿದ್ದ ಪತ್ರಿಕೆಗೇ ಉತ್ತರ ಬರೆದರು. ಮೇ 18ರಂದು ಅದು ಪ್ರಕಟವಾಯಿತು. ಗ್ರೀಕರ, ಪಾರಸಿಕರ ಜ್ಞಾನವನ್ನು ಅರಬರು ಪಡೆದು ಬೆಳೆಸಿದ್ದನ್ನು ನೆನಪಿಸಿದರು. ಮುಂದೆ ಮುಸ್ಲಿಮ್ ನಾಡುಗಳಲ್ಲಿ ಆ ದೀಪ ಆರಿಹೋದದ್ದನ್ನೂ ಮರೆಮಾಚಲಿಲ್ಲ. ಧರ್ಮದ ಕುರಿತ ಅವರ ಎಲ್ಲ ಮಾತನ್ನು ನಾವು ಒಪ್ಪಬೇಕೆಂದಿಲ್ಲ. ಆದರೆ ಆ ಉತ್ತರದ ತೂಕ ನೋಡಿ: ಮರುದಿನವೇ ರೆನಾನ್, ಇವರೊಡನೆ ಮಾತನಾಡುವಾಗ ಇಬ್ನು ಸೀನಾ, ಇಬ್ನು ರುಶ್ದ್‌ರೇ ಎದುರಿಗಿದ್ದಂತೆ ಅನಿಸಿತು ಎಂದು ಗೌರವದಿಂದ ಬರೆದರು.

ಇಬ್ನು ರುಶ್ದ್‌ರ ಕುರಿತು ರೆನಾನ್ 1852ರಲ್ಲೇ ಪುಸ್ತಕ ಬರೆದಿದ್ದರು. ಇಬ್ನು ರುಶ್ದ್ ತತ್ವಜ್ಞಾನಿ, ವೈದ್ಯ; ಜೊತೆಗೆ ಕುರ್ತುಬಾದ ಖಾಝಿ. ಅವರ ‘ಬಿದಾಯತುಲ್ ಮುಜ್ತಹಿದ್’ ಇಂದಿಗೂ ಉಲಮಾಗಳು ಓದುವ ಫಿಕ್ಹ್ ಗ್ರಂಥ. ದೀನ್ ಮತ್ತು ವಿಜ್ಞಾನ ಒಬ್ಬನ ಎದೆಯಲ್ಲೇ ಇರಬಲ್ಲವು ಎಂಬುದಕ್ಕೆ ಅವರ ಬದುಕೇ ಸಾಕ್ಷಿ.

ಆದರೆ 1195ರಲ್ಲಿ ಅವರನ್ನು ಗಡೀಪಾರು ಮಾಡಿ, ಗ್ರಂಥಗಳನ್ನು ಸುಡಿಸಿದವರೂ ನಮ್ಮವರೇ. ಅವರ ಹಲವು ವ್ಯಾಖ್ಯಾನಗಳ ಅರಬಿ ಮೂಲ ಇಂದು ಸಿಗುವುದಿಲ್ಲ. ಹೀಬ್ರೂ, ಲ್ಯಾಟಿನ್ ಅನುವಾದಗಳಲ್ಲಷ್ಟೇ ಉಳಿದಿವೆ.

ಸಹೋದರರೇ, ವಿರೋಧಿಯ ವಿಷಯದಲ್ಲೂ ನ್ಯಾಯ ಬಿಡಬಾರದೆಂದು ಕುರ್‌ಆನ್ ಕಲಿಸುತ್ತದೆ. ಅದರ ಮೊದಲ ದಿವ್ಯವಾಣಿಯೇ ಓದುವ ಆಜ್ಞೆ. ಪ್ರಶ್ನೆ ಕೇಳಿದ ಮಗನನ್ನು ಗದರಿ ಕೂರಿಸಿದಾಗ, ಮುಂದೆ ಓದಬೇಕೆಂದ ಮಗಳ ಪುಸ್ತಕ ಮುಚ್ಚಿಸಿದಾಗ ನಾವು ರೆನಾನ್‌ರ ಪರವಾಗಿ ಸಾಕ್ಷಿ ನುಡಿದಂತಾಗುತ್ತದೆ. ಅವರ ಆರೋಪಕ್ಕೆ ಉತ್ತರ ನಮ್ಮ ಘೋಷಣೆಗಳಲ್ಲಿಲ್ಲ, ನಮ್ಮ ಮಕ್ಕಳ ಓದಿನಲ್ಲಿದೆ.

ಅಲ್ಲಾಹನು ನಮಗೆ ಪ್ರಯೋಜನಕಾರಿ ಜ್ಞಾನವನ್ನೂ ನ್ಯಾಯದ ನಾಲಗೆಯನ್ನೂ ಅನುಗ್ರಹಿಸಲಿ. ಆಮೀನ್.