ಪರಿಸರ ವಿಜ್ಞಾನದ ಎಂ.ಎಸ್ಸಿ.: ನಮ್ಮ ಮಕ್ಕಳು ಏಕೆ ಓದಬೇಕು?

(ಸದಸ್ಯರ ಮಕ್ಕಳ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಕಳೆದ ತಿಂಗಳು ಒಂದು ಹಳ್ಳಿಯಲ್ಲಿ ಹಸುವಿನ ಗರ್ಭ ಪರೀಕ್ಷೆ ಮುಗಿಸಿ ಕೈ ತೊಳೆಯುತ್ತಿದ್ದೆ. ಮನೆಯ ಯಜಮಾನರು ಕೇಳಿದರು: "ಡಾಕ್ಟ್ರೇ, ಮಗಳು ಬಿ.ಎಸ್ಸಿ. ಮುಗಿಸವಳೆ. ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡ್ತೀನಿ ಅಂತ ಹಟ ಹಿಡಿದವಳೆ. ಗಿಡ ನೆಡೋದು ಕಲಿಯಕ್ಕೆ ಎರಡು ವರ್ಷ ಬೇಕಾ?" ಮಗಳು ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಅಂದು ಕೊಟ್ಟ ಉತ್ತರವನ್ನೇ ಇಂದು ನಿಮ್ಮ ಮುಂದೆ ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ.

ಪರಿಸರ ವಿಜ್ಞಾನ ಮೊದಲಿಗೆ ಅಳೆಯುವ ವಿದ್ಯೆ. ಸಂಘದಲ್ಲಿ ನಿಮ್ಮ ಹಾಲಿನ ಫ್ಯಾಟು, ಎಸ್.ಎನ್.ಎಫ್. ನೋಡುವಂತೆ ಇಲ್ಲಿ ನೀರು, ಗಾಳಿ, ಮಣ್ಣುಗಳ ಗುಣ ನೋಡುತ್ತಾರೆ. ಹಾಲಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಕೊಳೆಯುವ ವಸ್ತು ನೀರಿಗೆ ಸೇರಿದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಈ ಬೇಡಿಕೆಯ ಅಳತೆಗೆ ಬಿ.ಓ.ಡಿ. ಎನ್ನುತ್ತಾರೆ. ನದಿ, ಕೆರೆಗೆ ಬಿಡುವ ತ್ಯಾಜ್ಯ ನೀರಿನಲ್ಲಿ ಇದು ಲೀಟರಿಗೆ 30 ಮಿಲಿಗ್ರಾಂ ಮೀರಬಾರದೆಂಬುದು ಸಾಮಾನ್ಯ ನಿಯಮ. ಹಾಲಿನ ಬಿ.ಓ.ಡಿ. ಸುಮಾರು ಒಂದು ಲಕ್ಷ ಮಿಲಿಗ್ರಾಂ! ಅಂದರೆ ಚರಂಡಿಗೆ ಚೆಲ್ಲಿದ ಒಂದು ಲೀಟರ್ ಹಾಲನ್ನು ಆ ಮಿತಿಗೆ ಇಳಿಸಲು ಮೂರು ಸಾವಿರ ಲೀಟರಿಗೂ ಹೆಚ್ಚು ಶುದ್ಧ ನೀರು ಬೇಕು. ಅಮೃತವೆನಿಸಿದ ಹಾಲೇ ಕೆರೆಯ ಮೀನಿಗೆ ವಿಷವಾಗಬಹುದು. ಆದ್ದರಿಂದಲೇ ಪ್ರತಿ ಡೈರಿಗೂ ತ್ಯಾಜ್ಯ ನೀರಿನ ಶುದ್ಧೀಕರಣ ಘಟಕ ಬೇಕು, ಅದನ್ನು ನಡೆಸಬಲ್ಲ ತಿಳಿದವರೂ ಬೇಕು.

ಎರಡನೆಯದಾಗಿ, ಇದು ಒಂದಕ್ಕೊಂದು ಸಂಬಂಧ ಹುಡುಕುವ ವಿದ್ಯೆ. ಇದನ್ನು ಹೇಳುವಾಗ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಾನು ನೌಕರಿಗೆ ಸೇರಿದ ಹೊಸತರಲ್ಲಿ ಜ್ವರ, ಕೆಚ್ಚಲು ಬಾವು, ಕಾಲು ನೋವು ಯಾವುದಕ್ಕೂ ಡೈಕ್ಲೋಫೆನಾಕ್ ಚುಚ್ಚುಮದ್ದು ಕೊಡುತ್ತಿದ್ದೆವು. ಅಗ್ಗದ ಔಷಧಿ, ಹಸುವಿಗೆ ಬೇಗ ಗುಣ. ಬದುಕದ ಹಸುವನ್ನು ಊರ ಹೊರಗೆ ಎಸೆಯುತ್ತಿದ್ದರು. ಆ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. ಇದು ವಿಜ್ಞಾನಿಗಳಿಗೆ ಖಚಿತವಾದದ್ದು 2004ರಲ್ಲಿ. ಅಷ್ಟರಲ್ಲಿ ನಮ್ಮ ದೇಶದ ಬಿಳಿಬೆನ್ನಿನ ರಣಹದ್ದು ಬಹುಮಟ್ಟಿಗೆ ನಾಶವಾಗಿತ್ತು. 1990ರ ದಶಕದ ಆರಂಭಕ್ಕೆ ಹೋಲಿಸಿದರೆ 2007ರ ಹೊತ್ತಿಗೆ ನೂರಕ್ಕೆ ಒಂದೂ ಉಳಿದಿರಲಿಲ್ಲ. 2006ರಲ್ಲಿ ಪಶುಗಳಿಗೆ ಈ ಔಷಧಿ ನಿಷೇಧವಾಯಿತು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್‌ಗಳೂ ನಿಷೇಧವಾದವು. ಮೆಲಾಕ್ಸಿಕಾಮ್ ಹದ್ದುಗಳಿಗೆ ಅಪಾಯವಿಲ್ಲದ ಔಷಧಿ; ಅದನ್ನೇ ಕೇಳಿ ಹಾಕಿಸಿ. ನಮ್ಮ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು. ಅಳಿದುಳಿದವನ್ನು ಕಾಪಾಡುವ ಪ್ರಯತ್ನವದು.

ನನಗೆ ಹಸು ಗೊತ್ತಿತ್ತು, ಹದ್ದು ಗೊತ್ತಿರಲಿಲ್ಲ. ಪಕ್ಷಿ ಬಲ್ಲವರಿಗೆ ನಮ್ಮ ಔಷಧಿ ಪೆಟ್ಟಿಗೆ ಗೊತ್ತಿರಲಿಲ್ಲ. ಇವೆರಡನ್ನೂ ಕೂಡಿಸಿ ನೋಡುವವರು ಬೇಕು. ಅಂಥವರನ್ನು ತಯಾರು ಮಾಡುವುದೇ ಈ ವ್ಯಾಸಂಗದ ಉದ್ದೇಶ.

ಈಗ ವಿದ್ಯಾರ್ಥಿಗಳಿಗೆ. ಮೈಸೂರಿನ ಮಾನಸಗಂಗೋತ್ರಿ, ಬೆಂಗಳೂರಿನ ಜ್ಞಾನಭಾರತಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯಗಳಲ್ಲಿ ಈ ವಿಭಾಗವಿದೆ. ಸಾಮಾನ್ಯವಾಗಿ ಎರಡು ವರ್ಷ, ನಾಲ್ಕು ಸೆಮಿಸ್ಟರ್. ವಿಜ್ಞಾನ ಪದವಿ ಬೇಕು. ಯಾವ ವಿಷಯಗಳಿರಬೇಕೆಂಬುದು ಒಂದೊಂದು ಕಡೆ ಒಂದೊಂದು ರೀತಿ, ಅರ್ಜಿಗೆ ಮೊದಲೇ ವಿಚಾರಿಸಿ. ರಸಾಯನಶಾಸ್ತ್ರ, ಲೆಕ್ಕ ಎಂದರೆ ಹೆದರುವವರು ಮೊದಲೇ ಯೋಚಿಸಿ. ಸೇರುವ ಮುನ್ನ ಪ್ರಯೋಗಾಲಯ ನೋಡಿ ಬನ್ನಿ. ಉಪಕರಣಕ್ಕೆ ಧೂಳು ಕೂತಿದ್ದರೆ ಅಲ್ಲಿ ಕಲಿಯುವುದು ಕಡಿಮೆ.

ಪೋಷಕರೇ, ಈ ಪದವಿ ಪಡೆದ ಕೂಡಲೇ ಸರಕಾರಿ ನೌಕರಿ ಸಿಗುತ್ತದೆಂದು ನಾನು ಹೇಳಲಾರೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಹುದ್ದೆಗಳು ಕಡಿಮೆ, ಸ್ಪರ್ಧೆ ಹೆಚ್ಚು. ಕಾರ್ಖಾನೆಗಳ ಶುದ್ಧೀಕರಣ ಘಟಕ, ನೀರು ಪರೀಕ್ಷಾ ಪ್ರಯೋಗಾಲಯ, ಪರಿಸರ ಪರಿಣಾಮದ ವರದಿ ಸಿದ್ಧಪಡಿಸುವ ಸಂಸ್ಥೆಗಳಲ್ಲಿ ಕೆಲಸವುಂಟು. ಎನ್.ಇ.ಟಿ. ಪಾಸಾದರೆ ಅಧ್ಯಾಪಕರಾಗಲು ದಾರಿಯುಂಟು. ಎಲ್ಲ ಕಡೆಯೂ ಕೇಳುವುದು ಸ್ವಂತ ಕೈಯಿಂದ ಏನು ಪರೀಕ್ಷೆ ಮಾಡಬಲ್ಲೆ ಎಂಬುದನ್ನು.

ಅದಕ್ಕೆ ನಿಮ್ಮ ಮಕ್ಕಳು ದೂರ ಹೋಗಬೇಕಿಲ್ಲ. ಕೊನೆಯ ವರ್ಷದ ಪ್ರಬಂಧಕ್ಕೆ ಊರಿನ ತಿಪ್ಪೆಗಳ ಹತ್ತಿರದ ಬಾವಿ ನೀರನ್ನೇ ಪರೀಕ್ಷಿಸಲಿ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದರೆ ಎಳೆಗೂಸುಗಳಿಗೆ ಅಪಾಯ, ವಿಪರೀತವಾದರೆ ದನಗಳಿಗೂ ಅಪಾಯ. ಸಗಣಿ, ಗಂಜಲ, ಬಾವಿ ಮೂರನ್ನೂ ಹುಟ್ಟಿನಿಂದ ಕಂಡ ಮಕ್ಕಳಿಗೆ ಎಲ್ಲಿಂದ ನೀರು ಹಿಡಿಯಬೇಕೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಆ ಯಜಮಾನರಿಗೆ ನಾನು ಹೇಳಿದ್ದಿಷ್ಟೇ: "ಗೌಡ್ರೇ, ಓದಲಿ ಬಿಡಿ. ಆದರೆ ಅರ್ಜಿ ಹಾಕುವ ಮೊದಲು ಒಂದು ದಿನ ಮಗಳ ಜೊತೆ ಹೋಗಿ ಆ ವಿಭಾಗ ನೋಡಿಕೊಂಡು ಬನ್ನಿ." ಹಸು ಕೊಳ್ಳುವಾಗ ಕೆಚ್ಚಲು ಮುಟ್ಟಿ ನೋಡದೆ ಯಾರೂ ದುಡ್ಡು ಕೊಡುವುದಿಲ್ಲ. ಮಕ್ಕಳ ಓದಿಗೂ ಅಷ್ಟೇ ಎಚ್ಚರ ಇರಲಿ. ನೋಡಿದ ಮೇಲೆ ಮನಸ್ಸಿಗೆ ಬಂದರೆ ಧೈರ್ಯವಾಗಿ ಸೇರಿಸಿ.